ಸಂತೆಯ ಹತಾರ: ಅಗ್ಗವೆಷ್ಟು, ದುಬಾರಿಯೆಷ್ಟು?

ಸಂತೆಯಲ್ಲಿ ಬಟ್ಟೆಯ ಅಂಗಡಿಗಳನ್ನು ದಾಟಿ, ಹಗ್ಗ ಮೂಗುದಾರ ಮಾರುವವರನ್ನೂ ದಾಟಿ ಮುಂದೆ ಹೋದರೆ ನೆಲಕ್ಕೆ ಹಾಸಿದ ಟಾರ್ಪಾಲಿನ ಮೇಲೆ ಹತಾರಗಳ ರಾಶಿ ಕಾಣುತ್ತದೆ. ಕಟಿಂಗ್ ಪ್ಲೇಯರು, ಸ್ಕ್ರೂಡ್ರೈವರು, ಟೆಸ್ಟರು, ಸುತ್ತಿಗೆ, ಸ್ಪ್ಯಾನರು, ಅಳತೆಯ ಟೇಪು, ಉಳಿ, ಗರಗಸ ಎಲ್ಲವೂ ಒಂದರ ಮೇಲೊಂದು ಬಿದ್ದು ಬಿಸಿಲಿಗೆ ಫಳಫಳ ಹೊಳೆಯುತ್ತಿರುತ್ತವೆ. 'ಯಾವ್ದ್ ತಗಂಡ್ರೂ ನೂರು, ಯಾವ್ದ್ ತಗಂಡ್ರೂ ನೂರು' ಎಂದು ಮಾರುವವನು ಕೂಗುತ್ತಿರುತ್ತಾನೆ. ಮಾಗಡಿಯಾಗಲಿ ಕನಕಪುರವಾಗಲಿ, ರಾಮನಗರ ಚನ್ನಪಟ್ಟಣಗಳಾಗಲಿ, ನೋಟ ಒಂದೇ. ಕೊಳ್ಳುವವರು ಒಂದನ್ನು ಎತ್ತಿ ಹೊಳಪು ನೋಡುತ್ತಾರೆ, ಕೈಯಲ್ಲಿ ತೂಗಿ ನೋಡುತ್ತಾರೆ, ಎಂಬತ್ತಕ್ಕೆ ಕೇಳಿ ತೊಂಬತ್ತಕ್ಕೆ ಒಪ್ಪಿಸಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ.

ಆ ರಾಶಿಯನ್ನು ಪೂರಾ ತಿರಸ್ಕರಿಸುವುದು ಜಾಣತನವಲ್ಲ. ಹತ್ತು ವರ್ಷ ಬಾಳುವ ವಸ್ತುಗಳೂ ಅದರಲ್ಲಿರುತ್ತವೆ, ಮೊದಲ ದಿನವೇ ಬಾಯಿ ಬಿಡುವ ವಸ್ತುಗಳೂ ಇರುತ್ತವೆ. ಜೀವಕ್ಕೆ ಸಂಚಕಾರ ತರುವಂಥವೂ ಒಂದೆರಡು ಇರುತ್ತವೆ. ಮೂರಕ್ಕೂ ಬೆಲೆ ಒಂದೇ, ಹೊಳಪೂ ಒಂದೇ ಎನ್ನುವುದೇ ಕಷ್ಟ.

ಈ ನಾಲ್ಕು ತಾಲ್ಲೂಕುಗಳ ಜನಕ್ಕೆ ಹತಾರವೆಂದರೆ ಅನ್ನದ ಮಾತು. ರಾಮನಗರದ ಮಾರುಕಟ್ಟೆಗೆ ಬರುವ ಪ್ರತಿಯೊಂದು ಚೀಲ ರೇಷ್ಮೆಗೂಡಿನ ಹಿಂದೆ ಹಿಪ್ಪುನೇರಳೆ ಸೊಪ್ಪು ಕೊಯ್ದ ಒಂದು ಕುಡುಗೋಲಿದೆ. ಚನ್ನಪಟ್ಟಣದ ಬಣ್ಣದ ಗೊಂಬೆ ಲೇತಿನ ಮೇಲೆ ರೂಪುಗೊಳ್ಳುವುದು ಉಳಿಯ ಮೊನೆಯಲ್ಲಿ. ಕನಕಪುರದ ಕಡೆ ಬಂಡೆ ಸೀಳುವವರಿಗೆ ಚಾಣ ಮತ್ತು ಸುತ್ತಿಗೆಯೇ ಬಂಡವಾಳ. ಮಾಗಡಿಯ ರಾಗಿ ಹೊಲ, ಎಲ್ಲ ಕಡೆಯೂ ಇರುವ ತೆಂಗಿನ ತೋಟ, ಕೊಳವೆಬಾವಿಯ ಪಂಪು, ಮನೆ ಕಟ್ಟುವ ಗಾರೆ ಕೆಲಸ, ಯಾವುದನ್ನು ತೆಗೆದುಕೊಂಡರೂ ಅಷ್ಟೆ. ಕೂಲಿಯ ದಿನ ನಡುಮಧ್ಯಾಹ್ನ ಹತಾರ ಕೈಕೊಟ್ಟರೆ ಹೋಗುವುದು ಅದರ ತೊಂಬತ್ತು ರೂಪಾಯಿ ಮಾತ್ರವೇ ಅಲ್ಲ, ಅರ್ಧ ದಿನದ ಸಂಪಾದನೆಯೂ ಜೊತೆಗೆ ಹೋಗುತ್ತದೆ.

ಹಾಗಾದರೆ ನೋಡಬೇಕಾದ್ದೇನು? ಯಾವ ಹತಾರಕ್ಕೇ ಆಗಲಿ, ನಿಜವಾದ ಕೆಲಸ ಮಾಡುವ ಜಾಗ ಒಂದು ಇರುತ್ತದೆ. ಕುಡುಗೋಲಿಗೆ ಬಾಯಿ, ಉಳಿಗೆ ಮೊನೆ, ಇಕ್ಕುಳಕ್ಕೆ ಕಚ್ಚುವ ದವಡೆ, ಸುತ್ತಿಗೆಗೆ ಬಡಿಯುವ ಮುಖ, ಸ್ಪ್ಯಾನರಿಗೆ ನಟ್ಟು ಹಿಡಿಯುವ ಒಳಅಂಚು. ದುಡ್ಡು ಹೋಗಬೇಕಾದ್ದು ಆ ಅರ್ಧ ಅಂಗುಲಕ್ಕೆ. ಮಿಕ್ಕ ಭಾಗ ಒರಟಾಗಿದ್ದರೂ ಬಣ್ಣ ಕಾಣದಿದ್ದರೂ ನಷ್ಟವಿಲ್ಲ. ಅಗ್ಗದ ಹತಾರ ತಯಾರಿಸುವವರಲ್ಲಿ ಅನೇಕರು ಇದನ್ನು ತಿರುವುಮುರುವು ಮಾಡುತ್ತಾರೆ. ಹಿಡಿಗೆ ಎರಡು ಬಣ್ಣದ ರಬ್ಬರು, ಮೈಗೆಲ್ಲ ಕ್ರೋಮಿಯಂ ಲೇಪ, ಮೊನೆಗೆ ಮಾತ್ರ ಮೊಳೆಯಷ್ಟೇ ಮೆತ್ತಗಿನ ಕಬ್ಬಿಣ.

ಕಬ್ಬಿಣ ಮೆತ್ತಗೋ ಗಟ್ಟಿಯೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಅದರಲ್ಲಿ ಬೆರೆತ ಇಂಗಾಲ. ನೂರು ಭಾಗ ಲೋಹದಲ್ಲಿ ಕಾಲು ಭಾಗಕ್ಕಿಂತ ಕಡಿಮೆ ಇಂಗಾಲವಿದ್ದರೆ ಅದು ಕಿಟಕಿಯ ಸರಳು, ತಂತಿ, ಮೊಳೆ ಮಾಡಲು ಬರುವ ಸಾಧಾರಣ ಕಬ್ಬಿಣ. ಅದನ್ನು ಎಷ್ಟೇ ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೂ ಹೇಳಿಕೊಳ್ಳುವಷ್ಟು ಗಟ್ಟಿಯಾಗದು. ಅರ್ಧ ಭಾಗದಿಂದ ಮುಕ್ಕಾಲು ಭಾಗದವರೆಗೆ ಇದ್ದರೆ ಸುತ್ತಿಗೆ, ಕೊಡಲಿ, ಮಚ್ಚುಗಳಿಗೆ ತಕ್ಕ ಉಕ್ಕು. ಉಳಿಗೆ ಸುಮಾರು ಒಂದು ಭಾಗ, ಅರಕ್ಕೆ ಒಂದೂಕಾಲು ಭಾಗದವರೆಗೂ ಬೇಕಾಗುತ್ತದೆ. ಇಷ್ಟು ಚಿಕ್ಕ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ. ಮೇಲೆ ಲೇಪವಿದ್ದರಂತೂ ಕೇಳುವುದೇ ಬೇಡ.

ಈ ಇಂಗಾಲದ ಗುಟ್ಟು ಈ ಸೀಮೆಗೆ ಹೊಸದೇನೂ ಅಲ್ಲ. ಟಿಪ್ಪು ಸುಲ್ತಾನ ಬಿದ್ದ ಮರುವರ್ಷ, ಅಂದರೆ 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಮೈಸೂರು ದೇಶವನ್ನು ಸುತ್ತಿದ ವೈದ್ಯ ಫ್ರಾನ್ಸಿಸ್ ಬುಕಾನನ್ ಮಾಗಡಿ ಕಡೆಯ ಕಬ್ಬಿಣದ ಕುಲುಮೆಗಳ ಬಗ್ಗೆ ಬರೆದಿದ್ದಾನೆ. ಚನ್ನಪಟ್ಟಣ ಆಗ ಗೊಂಬೆಗಿಂತ ಹೆಚ್ಚಾಗಿ ವಾದ್ಯಗಳ ಉಕ್ಕಿನ ತಂತಿಗೆ ಹೆಸರಾಗಿತ್ತು. ವೀಣೆಯ ತಂತಿಯಷ್ಟು ಸಣ್ಣಗೆ ಎಳೆದರೂ ತುಂಡಾಗದ ಉಕ್ಕನ್ನು ಪಳಗಿಸುವುದು ಸಾಮಾನ್ಯದ ಕೆಲಸವಲ್ಲ. ಮೈಸೂರು ಸೀಮೆಯ ಉಕ್ಕಿನವರು ಕಬ್ಬಿಣದ ತುಂಡಿನ ಜೊತೆಗೆ ತಂಗಡಿ ಗಿಡದ ಕಡ್ಡಿಯನ್ನಿಟ್ಟು, ಮಣ್ಣಿನ ಮೂಸೆಯ ಬಾಯನ್ನು ಮೆತ್ತಿ, ಗಂಟೆಗಟ್ಟಲೆ ತಿದಿ ಒತ್ತುತ್ತಿದ್ದರು. ಕಡ್ಡಿ ಇದ್ದಿಲಾಗಿ, ಅದರ ಇಂಗಾಲ ಕಬ್ಬಿಣಕ್ಕೆ ಇಳಿದು ಉಕ್ಕಾಗುತ್ತಿತ್ತು. ರಸ್ತೆ ಬದಿಯಲ್ಲಿ ಹಳದಿ ಹೂ ಬಿಡುವ ತಂಗಡಿಗೆ ಇಂಥದೊಂದು ಹಿಂದಿನ ಕಥೆಯಿದೆ ಎಂದರೆ ಈಗಿನ ಹುಡುಗರು ನಂಬುವುದು ಕಷ್ಟ.

ಆ ಮೂಸೆಗಳು ಎಂದೋ ಆರಿದವು. ಕುಲುಮೆ ಮಾತ್ರ ಪೂರ್ತಿ ಆರಿಲ್ಲ. ಹಳ್ಳಿಯ ಕಮ್ಮಾರ ಈಗ ಉಕ್ಕನ್ನು ಗುಜರಿಯಲ್ಲಿ ಹುಡುಕುತ್ತಾನೆ. ಅವನ ಮೆಚ್ಚಿನ ಲೋಹ ಲಾರಿಯ ಕಮಾನು ಪಟ್ಟಿ. ಅದರಲ್ಲಿ ಶೇಕಡಾ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಇಂಗಾಲವಿರುತ್ತದೆ. ವರ್ಷಗಟ್ಟಲೆ ಟನ್ನುಗಳ ಭಾರ ಹೊತ್ತು ಬಾಗಿ ಎದ್ದ ಉಕ್ಕು ಅದು. ಅದರಿಂದ ಬಡಿದ ಮಚ್ಚು ನೋಡಲು ಕರ್ರಗೆ, ಸುತ್ತಿಗೆಯ ಪೆಟ್ಟಿನ ಗುರುತುಗಳೊಂದಿಗೆ ಒರಟಾಗಿರುತ್ತದೆ. ಆದರೆ ಬಣ್ಣದ ಹಿಡಿಯ ಬಜಾರು ಮಚ್ಚು ತೆಂಗಿನಕಾಯಿಯ ಸಿಪ್ಪೆಗೇ ಬಾಯಿ ಮಡಿಸಿಕೊಂಡಾಗ, ಇದು ಎಳನೀರು ಕೆತ್ತುತ್ತಲೇ ಇರುತ್ತದೆ. ಕಡಿಮೆ ದುಡ್ಡಿಗೆ ಸಿಗುವ ಒಳ್ಳೆಯ ಹತಾರ ಯಾವುದೆಂದು ಕೇಳಿದರೆ ಮೊದಲ ಹೆಸರು ಇದೇ.

ಕಮ್ಮಾರ ಅದಕ್ಕೆ ನೀರು ಕೊಡುವ ಕ್ರಮವನ್ನು ಒಮ್ಮೆ ನಿಂತು ನೋಡಬೇಕು. ಕೆಂಪಗೆ ಕಾದ ಮಚ್ಚಿನ ಬಾಯಿಯನ್ನಷ್ಟೇ ನೀರಿಗೆ ಅದ್ದಿ ಹೊರಗೆ ತೆಗೆಯುತ್ತಾನೆ. ಆಗ ಬಾಯಿ ಗಾಜಿನಷ್ಟು ಗಟ್ಟಿ, ಗಾಜಿನಷ್ಟೇ ಪೆಡಸು. ಬೆನ್ನಿನಲ್ಲಿ ಉಳಿದ ಕಾವು ನಿಧಾನವಾಗಿ ಬಾಯಿಯ ಕಡೆಗೆ ಹರಿಯುತ್ತದೆ. ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿದ ಜಾಗದಲ್ಲಿ ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ಕಡೆಗೆ ನೀಲಿ ಬಣ್ಣಗಳು ಸಾಲಾಗಿ ಮೂಡುತ್ತವೆ. ಹಳದಿ ಎಂದರೆ ಸುಮಾರು 220ರಿಂದ 230 ಡಿಗ್ರಿ ಸೆಲ್ಸಿಯಸ್, ನೀಲಿ ಎಂದರೆ 300ರ ಸಮೀಪ. ಬೇಕಾದ ಬಣ್ಣ ಬಾಯಿಗೆ ಬಂದ ಗಳಿಗೆಯಲ್ಲೇ ಮತ್ತೆ ನೀರಿಗೆ. ಮರದ ಉಳಿಗೆ ಹಳದಿ, ಪೆಟ್ಟು ತಿನ್ನುವ ಮಚ್ಚಿಗೆ ನೇರಳೆಯಿಂದ ನೀಲಿ. ಉಷ್ಣಮಾಪಕವಿಲ್ಲದೆ ಹತ್ತಿಪ್ಪತ್ತು ಡಿಗ್ರಿಯ ಅಂತರ ಹಿಡಿಯುವ ಈ ಕಣ್ಣಿಗೆ ಕೊಡುವ ಕೂಲಿ ಹೆಚ್ಚಾಯಿತೆಂದು ಚೌಕಾಸಿ ಮಾಡುವವರನ್ನು ಕಂಡರೆ ಬೇಸರವಾಗುತ್ತದೆ.

ಕಮ್ಮಾರನ ಕಣ್ಣಿಲ್ಲದವರಿಗೂ ಒಂದು ಉಪಾಯವುಂಟು. ಗರಗಸದ ಹಲ್ಲು ಮಸೆಯುವ ಚಿಕ್ಕ ಮೂರುಮೂಲೆ ಅರ ಒಂದನ್ನು ಜೇಬಿನಲ್ಲಿಟ್ಟುಕೊಂಡು ಸಂತೆಗೆ ಹೋಗಬೇಕು. ಕೊಳ್ಳಬೇಕೆಂದಿರುವ ಹತಾರದ ಕೆಲಸದ ಜಾಗದಲ್ಲಿ, ಕಾಣದ ಒಂದು ಮೂಲೆಯಲ್ಲಿ, ಅರವನ್ನು ಮೆಲ್ಲಗೆ ಒಮ್ಮೆ ಎಳೆಯಬೇಕು. ಅರ ಜಾರಿದರೆ ಅಥವಾ ಕಷ್ಟಪಟ್ಟು ಸ್ವಲ್ಪವೇ ಕಚ್ಚಿದರೆ ಉಕ್ಕು ಗಟ್ಟಿಯಿದೆ. ಮೊಳೆಯನ್ನು ಉಜ್ಜಿದಂತೆ ಸಲೀಸಾಗಿ ಕಚ್ಚಿ ಪುಡಿ ಉದುರಿಸಿದರೆ ಕೆಳಗಿಡುವುದೇ ಲೇಸು. ಕುಡುಗೋಲು, ಮಚ್ಚುಗಳಲ್ಲಿ ಬಾಯಿ ಗಟ್ಟಿಯಾಗಿ ಬೆನ್ನು ಮೆತ್ತಗಿರಬೇಕು. ಎರಡೂ ಒಂದೇ ಸಮ ಮೆತ್ತಗಿದ್ದರೆ ಅದು ತಗಡು ಕತ್ತರಿಸಿ ಮಾಡಿದ ಮಾಲು. ಅಂಗಡಿಯವನು ಮುಖ ಸಿಂಡರಿಸಬಹುದು. ಒಳ್ಳೆಯ ಮಾಲು ಇಟ್ಟವನು ಸಾಮಾನ್ಯವಾಗಿ 'ನೋಡ್ಕಳಿ ಸ್ವಾಮಿ' ಎನ್ನುತ್ತಾನೆ.

ಹಿಪ್ಪುನೇರಳೆಗೆ ಈ ಪರೀಕ್ಷೆ ಇನ್ನೂ ಮುಖ್ಯ. ನೀರಾವರಿ ತೋಟದಲ್ಲಿ ವರ್ಷಕ್ಕೆ ನಾಲ್ಕೈದು ಬೆಳೆ ತೆಗೆಯುವವರು ಪ್ರತಿ ಸಲವೂ ಕಡ್ಡಿಯನ್ನು ಬುಡದ ಹತ್ತಿರ ಕತ್ತರಿಸುತ್ತಾರೆ. ಹರಿತವಾದ ಬಾಯಿ ಒಂದೇ ಎಳೆತಕ್ಕೆ ಕಡ್ಡಿಯನ್ನು ನುಣ್ಣಗೆ ತುಂಡರಿಸುತ್ತದೆ. ಮೊಂಡು ಬಾಯಿ ತೊಗಟೆಯನ್ನು ಸೀಳಿ ಕೆಳಗೆ ಎಳೆಯುತ್ತದೆ. ಸೀಳಿದ ಕೂಳೆ ಒಣಗಿ, ಅಲ್ಲಿಂದ ಒಡೆಯಬೇಕಾದ ಚಿಗುರು ಕಡಿಮೆಯಾಗುತ್ತದೆ. ಕುಡುಗೋಲಿನಲ್ಲಿ ಉಳಿಸಿದ ಐವತ್ತು ರೂಪಾಯಿ ಸೊಪ್ಪಿನ ಲೆಕ್ಕದಲ್ಲಿ ಹೋಗುವುದು ಹೀಗೆ.

ಕಾವಿನ ಬಗ್ಗೆಯೂ ಒಂದು ಮಾತು. ಗುದ್ದಲಿ, ಕೊಡಲಿ, ಪಿಕಾಸಿಗಳನ್ನು ಕಾವಿಲ್ಲದೆ ಕೊಂಡು ಕಾವನ್ನು ಬೇರೆಯಾಗಿ ಹಾಕಿಸುವುದೇ ಲಾಭ. ಕಾರ್ಖಾನೆಯವರು ಕೂಡಿಸಿ ಕಳಿಸುವ ಕಾವು ಹಲವು ಸಲ ಮೆದು ಮರದ್ದು. ದಿಂಡಿಗ, ತಡಸಲು, ಜಾಲಿ ಮರಗಳ ಕಾವು ಪೆಟ್ಟಿನ ಅದಿರನ್ನು ನುಂಗಿಕೊಳ್ಳುತ್ತದೆ. ಎಳೆ ಉದ್ದುದ್ದಕ್ಕೆ ಸಾಗಿರಬೇಕು. ಅಡ್ಡಕ್ಕೆ ಓಡಿದ್ದರೆ ಎಂದಾದರೂ ಅಲ್ಲೇ ಮುರಿಯುತ್ತದೆ. ಬೇಸಾಯದ ಹತಾರಗಳಲ್ಲಿ ಟಾಟಾದವರ ಅಗ್ರಿಕೋ ಗುದ್ದಲಿ, ಹಾರೆಗಳು ಹಿಂದಿನಿಂದಲೂ ಹೆಸರು ಉಳಿಸಿಕೊಂಡಿವೆ. ಅವುಗಳ ಬೆಲೆ ಸಂತೆಯ ಮಾಲಿಗಿಂತ ವಿಪರೀತ ಹೆಚ್ಚೇನೂ ಅಲ್ಲವಾದ್ದರಿಂದ ಇಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಚನ್ನಪಟ್ಟಣದ ಲೇತಿನ ಕೆಲಸದಲ್ಲಿ ಲೆಕ್ಕ ಸ್ವಲ್ಪ ಸೂಕ್ಷ್ಮ. ಅಲ್ಲಿನ ಗೊಂಬೆಗೆ ಮುಖ್ಯವಾಗಿ ಬಳಕೆಯಾಗುವ ಆಲೆ ಮರ ಬಿಳುಪಾಗಿ, ಮೆದುವಾಗಿ, ಎಳೆ ನುಣುಪಾಗಿರುತ್ತದೆ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದಾಗ ಉಜ್ಜಾಟದ ಶಾಖಕ್ಕೆ ಅರಗು ಕರಗಿ ಅಂಟುತ್ತದೆ, ಆಮೇಲೆ ತಾಳೆಗರಿಯಲ್ಲಿ ಉಜ್ಜಿ ಹೊಳಪು ತರುತ್ತಾರೆ. ಉಳಿ ಮೊಂಡಾಗಿದ್ದು ಮರದ ಎಳೆ ಎದ್ದಿದ್ದರೆ ಅರಗು ಸಮನಾಗಿ ಕೂರುವುದಿಲ್ಲ. ಕೈ ಲೇತಿನ ಕಾಲದಲ್ಲಿ ಕಮ್ಮಾರ ಬಡಿದ ಇಂಗಾಲದ ಉಕ್ಕಿನ ಉಳಿ ಸಾಕಾಗಿತ್ತು. ವಿದ್ಯುತ್ ಲೇತು ವೇಗವಾಗಿ ತಿರುಗುವಾಗ ಮೊನೆ ಕಾಯುತ್ತದೆ. ಸಾಣೆ ಚಕ್ರದ ಮೇಲೆ ಮಸೆಯುವಾಗಲಂತೂ ಇನ್ನೂ ಕಾಯುತ್ತದೆ. ಮೊನೆ ಒಮ್ಮೆ ನೀಲಿಗೆ ತಿರುಗಿತೆಂದರೆ ಕಮ್ಮಾರ ಕೂಡಿಸಿದ ಹದ ಅಲ್ಲಿಗೆ ಹೋದಂತೆ. ಮಸೆಯುವಾಗ ಪಕ್ಕದಲ್ಲೊಂದು ನೀರಿನ ಡಬ್ಬ ಇಟ್ಟುಕೊಂಡು ಆಗಾಗ ಅದ್ದುವುದು ಇದಕ್ಕೇ.

ಟಂಗ್‌ಸ್ಟನ್ ಅಥವಾ ಮಾಲಿಬ್ಡಿನಂ ಬೆರೆತ ಹೈಸ್ಪೀಡ್ ಸ್ಟೀಲಿಗೆ ಈ ಭಯ ಕಡಿಮೆ. ಅದು 600 ಡಿಗ್ರಿಯ ಹತ್ತಿರದವರೆಗೂ ಗಟ್ಟಿತನ ಬಿಡುವುದಿಲ್ಲ. ಆ ಉಕ್ಕಿನ ಹೊಸ ಉಳಿ ದುಬಾರಿ. ಆದರೆ ವರ್ಕ್‌ಶಾಪುಗಳಲ್ಲಿ ಕಬ್ಬಿಣ ಕೊಯ್ಯುವ ದೊಡ್ಡ ಯಂತ್ರಗರಗಸದ ಮುರಿದ ಬ್ಲೇಡು ಅದೇ ಉಕ್ಕಿನದಾಗಿದ್ದರೆ, ಅದನ್ನು ಮಸೆದು ಮರ ತುಂಡರಿಸುವ ತೆಳು ಉಳಿ ಮಾಡಿಕೊಳ್ಳಬಹುದು. ಗುಜರಿಯ ಬೆಲೆಗೆ ಸಿಗುವ ಇದು ಅಪ್ಪಟ ಲಾಭ. ಹಳೆಯ ಅರವನ್ನು ಮಸೆದು ಹಾಗೆಯೇ ಉಳಿ ಮಾಡಿಕೊಳ್ಳುವುದು ಮಾತ್ರ ಅಪಾಯ. ಅರದ ಉಕ್ಕು ಅತಿ ಗಟ್ಟಿ, ಅದರ ಪ್ರತಿಯೊಂದು ಹಲ್ಲಿನ ಬುಡವೂ ಬಿರುಕಿಗೆ ದಾರಿ. ತಿರುಗುವ ಮರ ಒಮ್ಮೆ ಕಚ್ಚಿ ಎಳೆದರೆ ಅದು ಬಾಗುವುದಿಲ್ಲ, ಚಟ್ಟನೆ ಮುರಿದು ಮುಖಕ್ಕೆ ಹಾರುತ್ತದೆ. ಹಲ್ಲನ್ನು ಪೂರಾ ಉಜ್ಜಿ ತೆಗೆದು, ಕುಲುಮೆಯಲ್ಲಿ ಮತ್ತೆ ಹದ ಹಿಡಿಸಿದರೆ ಮಾತ್ರ ಬಳಸಬಹುದು.

ಮರಕ್ಕೆ ಹೀಗಾದರೆ ಕಲ್ಲಿನ ಮಾತೇ ಬೇರೆ. ರಾಮನಗರ ಕನಕಪುರಗಳ ಬೆಣಚುಗಲ್ಲಿನ ಹರಳಿನ ಗಡಸುತನ ಮೋಸ್ ಮಾಪನದಲ್ಲಿ 7. ಹದಗೊಳಿಸಿದ ಉಕ್ಕು ಅದರ ಸಮೀಪಕ್ಕೆ ಬರುತ್ತದೆಯೇ ಹೊರತು ಅದನ್ನು ಮೀರುವುದಿಲ್ಲ. ಆದ್ದರಿಂದ ಉಕ್ಕಿನ ಚಾಣ ಎಷ್ಟೇ ಒಳ್ಳೆಯದಾದರೂ ಸವೆಯಲೇಬೇಕು. ಕಲ್ಲು ಕೆಲಸ ನಡೆಯುವ ಕಡೆ ಪಕ್ಕದಲ್ಲೇ ತಿದಿ ಹೂಡಿ ಚಾಣಗಳ ಮೊನೆ ಹಣಿಯುವುದು ಅದಕ್ಕೇ. ತುದಿಗೆ ಟಂಗ್‌ಸ್ಟನ್ ಕಾರ್ಬೈಡ್ ತುಣುಕು ಬೆಸೆದ ಚಾಣದ ಗಡಸುತನ 9ರ ಆಸುಪಾಸು. ಅದನ್ನು ಕೊಳ್ಳುವಾಗ ತುಣುಕಿಗಿಂತಲೂ ಬೆಸುಗೆಯನ್ನು ನೋಡಬೇಕು. ಸುತ್ತಲೂ ಹಿತ್ತಾಳೆ ಬಣ್ಣದ ಗೆರೆ ಒಂದೇ ಸಮನಾಗಿ ಕಾಣಬೇಕು. ನಡುವೆ ಕಪ್ಪು ಸಂದು ಕಂಡರೆ ಮೂರನೆಯ ದಿನ ತುಣುಕು ಕಲ್ಲಿನಲ್ಲಿ, ಚಾಣ ಕೈಯಲ್ಲಿ. ಮನೆಯ ಗೋಡೆಗೆ ತೂತು ಕೊರೆಯುವ ಬಿಟ್ಟುಗಳಿಗೂ ಇದೇ ಪರೀಕ್ಷೆ.

ಇನ್ನು ಮನೆಬಳಕೆಯ ಹತಾರಗಳು. ಕಟಿಂಗ್ ಪ್ಲೇಯರನ್ನು ಮುಚ್ಚಿ ಬೆಳಕಿಗೆ ಹಿಡಿಯಬೇಕು. ಕತ್ತರಿಸುವ ಅಂಚುಗಳ ನಡುವೆ ಬೆಳಕು ಕಂಡರೆ ಅದು ತಂತಿಯನ್ನು ಕತ್ತರಿಸುವುದಿಲ್ಲ, ಜಗಿಯುತ್ತದೆ. ಹಿಡಿಗಳನ್ನು ಅಡ್ಡಡ್ಡ ಅಲ್ಲಾಡಿಸಿದಾಗ ಕೀಲು ಆಡಬಾರದು. ದಿನವೂ ಹಿಡಿಯುವ ವೈರಿಂಗ್ ಕೆಲಸಗಾರನಿಗೆ ತೊಂಬತ್ತು ರೂಪಾಯಿಯದು ನಾಲ್ಕು ತಿಂಗಳು ಬರುತ್ತದೆ ಎಂದಿಟ್ಟುಕೊಂಡರೂ ಹತ್ತು ವರ್ಷಕ್ಕೆ ಮೂವತ್ತು ಬೇಕು, ಅಂದರೆ 2,700 ರೂಪಾಯಿ. ಟಪಾರಿಯಾದಂಥ ಹೆಸರಾಂತ ಕಂಪನಿಯ ಒಂದು ಜೋಡಿ ಅದಕ್ಕಿಂತ ಎಷ್ಟೋ ಅಗ್ಗ. ವರ್ಷಕ್ಕೆ ಎರಡು ಸಲ ಬೇಲಿಯ ತಂತಿ ತಿರುಚುವವರಿಗೆ ಸಂತೆಯದೇ ಸಾಕು. ಎಲ್ಲರಿಗೂ ಒಂದೇ ಸಲಹೆ ಹೇಳುವುದು ಅಂಗಡಿಯವರ ಚಾಳಿ.

ಸ್ಪ್ಯಾನರಿನಲ್ಲಿ ಉಳಿತಾಯ ಮಾಡಬಾರದು. ಸ್ವಲ್ಪವೇ ಸಡಿಲವಾದ ಅಥವಾ ಬಾಯಿ ಅರಳುವ ಸ್ಪ್ಯಾನರು ನಟ್ಟಿನ ಮೂಲೆಗಳನ್ನು ಸವೆಸಿ ದುಂಡಗೆ ಮಾಡುತ್ತದೆ. ಆಮೇಲೆ ಒಳ್ಳೆಯ ಸ್ಪ್ಯಾನರು ತಂದರೂ ಹಿಡಿಯುವುದಿಲ್ಲ. ಮೋಟಾರಿನ ಬುಡದಲ್ಲಿ ತುಕ್ಕು ಹಿಡಿದು ಕೂತ ನಟ್ಟನ್ನು ಬೆಂಕಿ ಹಾಕಿ, ಉಳಿ ಹೊಡೆದು ಬಿಚ್ಚುವ ಖರ್ಚು ಇಡೀ ಸ್ಪ್ಯಾನರ್ ಸೆಟ್ಟಿನ ಖರ್ಚಿಗೆ ಸಮ. ಮೂವತ್ತು ಸ್ಪ್ಯಾನರಿನ ಅಗ್ಗದ ಪೆಟ್ಟಿಗೆಗಿಂತ ದಿನಬಳಕೆಯ 10, 12, 13, 14 ಮಿಲಿಮೀಟರಿನ ನಾಲ್ಕನ್ನೇ ಒಳ್ಳೆಯವಾಗಿ ಕೊಳ್ಳುವುದು ಮೇಲು. ಉಳಿದವನ್ನು ಬೇಕಾದಾಗ ಒಂದೊಂದಾಗಿ ಕೂಡಿಸಿಕೊಳ್ಳಬಹುದು. 'ಕ್ರೋಮ್ ವೆನೇಡಿಯಂ' ಎಂದು ಅಚ್ಚು ಹಾಕಿದ ಮಾತ್ರಕ್ಕೆ ಒಳಗೆ ವೆನೇಡಿಯಂ ಇರಲೇಬೇಕೆಂದೇನೂ ಇಲ್ಲ. ಅಕ್ಷರ ಕೊರೆಯಲು ಖರ್ಚು ಬಹಳ ಕಡಿಮೆ.

ಹ್ಯಾಕ್ಸಾದಲ್ಲಿ ಇದು ಪೂರಾ ತಲೆಕೆಳಗು. ಚೌಕಟ್ಟು ಸಂತೆಯದಾದರೆ ಚಿಂತೆಯಿಲ್ಲ, ಬಾಗದೆ ಬ್ಲೇಡನ್ನು ಬಿಗಿಯಾಗಿ ಎಳೆದು ಹಿಡಿದರಾಯಿತು. ಕೊಯ್ಯುವುದು ಬ್ಲೇಡು. ಅದನ್ನು ಒಳ್ಳೆಯ ಕಂಪನಿಯದೇ ಕೊಳ್ಳಬೇಕು. ತೆಳುವಾದ ಪೈಪಿಗೆ ಅಂಗುಲಕ್ಕೆ 24 ಹಲ್ಲು, ದಪ್ಪ ಕಬ್ಬಿಣಕ್ಕೆ 18. ಕೊಯ್ಯುವ ಜಾಗದಲ್ಲಿ ಕಡಿಮೆಯೆಂದರೂ ಮೂರು ಹಲ್ಲು ಲೋಹದ ಮೇಲಿರಬೇಕು. ಇಲ್ಲದಿದ್ದರೆ ಹಲ್ಲು ಉದುರುತ್ತದೆ, ದೋಷ ಬ್ಲೇಡಿನ ತಲೆಗೆ ಬರುತ್ತದೆ.

ಅಳತೆಯ ಸಲಕರಣೆಗಳನ್ನು ಧೈರ್ಯವಾಗಿ ಅಗ್ಗಕ್ಕೆ ಕೊಳ್ಳಬಹುದು, ಪರೀಕ್ಷೆ ಮಾಡಿ ಕೊಂಡರೆ. ರಸಮಟ್ಟವನ್ನು ಒಂದು ಹಲಗೆಯ ಮೇಲಿಟ್ಟು ಗುಳ್ಳೆ ನಿಂತ ಜಾಗ ನೋಡಿಕೊಂಡು, ಅದೇ ಜಾಗದಲ್ಲಿ ತಲೆಬಾಲ ತಿರುಗಿಸಿ ಇಡಬೇಕು. ಗುಳ್ಳೆ ಎರಡು ಸಲವೂ ಒಂದೇ ದಿಕ್ಕಿಗೆ, ಒಂದೇ ದೂರಕ್ಕೆ ಸರಿದರೆ ಹಲಗೆ ಓರೆ, ರಸಮಟ್ಟ ಸರಿ. ದಿಕ್ಕು ಬದಲಾದರೆ ರಸಮಟ್ಟವೇ ಸುಳ್ಳು. ಮೂಲೆಮಟ್ಟಕ್ಕೂ ಹಾಗೆಯೇ. ನೇರವಾದ ಅಂಚಿಗೆ ಒತ್ತಿ ಒಂದು ಗೆರೆ ಎಳೆದು, ಮಗುಚಿ ಹಾಕಿ ಅದೇ ಬಿಂದುವಿನಿಂದ ಇನ್ನೊಂದು ಗೆರೆ ಎಳೆದರೆ ಎರಡೂ ಒಂದಾಗಬೇಕು. ಟೇಪಿನ ತುದಿಯ ಕೊಕ್ಕೆ ಸ್ವಲ್ಪ ಆಡುವುದನ್ನು ಕಂಡು 'ಇದು ಸಡಿಲ' ಎಂದು ಅನೇಕರು ಬಿಟ್ಟುಬಿಡುತ್ತಾರೆ. ಅದು ಬೇಕೆಂದೇ ಹಾಗೆ ಮಾಡಿದ್ದು. ಕೊಕ್ಕೆ ತನ್ನ ದಪ್ಪದಷ್ಟೇ ಆಡುತ್ತದೆ. ಹೊರಗೆ ಸಿಕ್ಕಿಸಿ ಎಳೆದರೂ ಒಳಗೆ ಒತ್ತಿ ಅಳೆದರೂ ಲೆಕ್ಕ ತಪ್ಪಬಾರದೆಂಬ ಏರ್ಪಾಡು ಅದು. ಮೊಳೆ ಬಡಿದು ಬಿಗಿ ಮಾಡಿದರೆ ಅಳತೆ ಕೆಡುತ್ತದೆ. ಗಾರೆಯವರ ಕರಣೆ, ತೂಗುಗುಂಡು, ಹಿಡಿದಿಡುವ ಕ್ಲ್ಯಾಂಪುಗಳೂ ಅಗ್ಗದವೇ ಸಾಕು.

ಅಗ್ಗದ ಕಡೆ ತಿರುಗಿಯೂ ನೋಡಬಾರದ ಮೂರು ವಸ್ತುಗಳಿವೆ.

ಮೊದಲನೆಯದು ಟೆಸ್ಟರು. ಅದರೊಳಗೆ ನಿಯಾನ್ ದೀಪದ ಜೊತೆಗೆ ಒಂದು ಪುಟ್ಟ ರೋಧಕವಿರುತ್ತದೆ. ಅದು ಸಾಮಾನ್ಯವಾಗಿ 10 ಲಕ್ಷ ಓಮ್‌ನದು. 230 ವೋಲ್ಟನ್ನು ಅದರಿಂದ ಭಾಗಿಸಿದರೆ ದೇಹದ ಮೂಲಕ ಹರಿಯುವ ವಿದ್ಯುತ್ತು ಹೆಚ್ಚೆಂದರೆ 0.23 ಮಿಲಿಆಂಪಿಯರ್, ಕೈಗೆ ತಿಳಿಯದಷ್ಟು. ಆ ರೋಧಕವೇ ಕಳಪೆಯಾದರೆ ಅಥವಾ ಒಳಗೆ ತೇವ ಸೇರಿ ವಿದ್ಯುತ್ತು ಅಡ್ಡದಾರಿ ಹಿಡಿದರೆ ಈ ಲೆಕ್ಕ ನಿಲ್ಲುವುದಿಲ್ಲ. 10 ಮಿಲಿಆಂಪಿಯರ್ ಮೀರಿದರೆ ಹಿಡಿದ ಕೈ ಬಿಡಿಸಿಕೊಳ್ಳಲಾಗದು, 30 ದಾಟಿದರೆ ಹೃದಯಕ್ಕೆ ಅಪಾಯ. ಕೊಳ್ಳುವ ಮುಂಚೆ ಹಿಂಬದಿಯ ತಿರುಪು ಬಿಚ್ಚಿ ಒಳಗಿನದನ್ನು ಅಂಗೈಗೆ ಸುರಿದುಕೊಳ್ಳಬಹುದು. ಬಣ್ಣದ ಗೆರೆಯ ರೋಧಕವಾದರೆ ಕಂದು, ಕಪ್ಪು, ಹಸಿರು ಎಂಬ ಕ್ರಮ 10 ಲಕ್ಷ ಓಮ್‌ನ ಗುರುತು. ಮೈ ಬಿರುಕು ಬಿಟ್ಟ ಟೆಸ್ಟರನ್ನು ಎಸೆಯಬೇಕು. ಟೆಸ್ಟರು ಉರಿಯಲಿಲ್ಲವೆಂದ ಮಾತ್ರಕ್ಕೆ ತಂತಿಯಲ್ಲಿ ವಿದ್ಯುತ್ತಿಲ್ಲವೆಂದು ನಂಬಲೂ ಬಾರದು. ವಿದ್ಯುತ್ತಿರುವ ಕಡೆ ಮೊದಲು ಇಟ್ಟು ಅದು ಉರಿಯುವುದನ್ನು ಖಚಿತ ಮಾಡಿಕೊಂಡೇ ಮುಂದುವರಿಯಬೇಕು. ಪ್ಲೇಯರಿನ ಹಿಡಿಗೆ ಬಣ್ಣದ ರಬ್ಬರು ಹಾಕಿದ್ದರೆ ಅದು ಹಿಡಿತಕ್ಕೆ, ರಕ್ಷಣೆಗಲ್ಲ. ನಿಜವಾಗಿ ಪರೀಕ್ಷಿಸಿದ ಹಿಡಿಯ ಮೇಲೆ ಜೋಡಿ ತ್ರಿಕೋನದ ಗುರುತೂ 1000 ವೋಲ್ಟ್ ಎಂಬ ಬರಹವೂ ಇರುತ್ತದೆ. ಆ ಗುರುತನ್ನೂ ಗೊತ್ತಿರುವ ಕಂಪನಿಯದಾದರೆ ಮಾತ್ರ ನಂಬಬೇಕು.

ಎರಡನೆಯದು ಸುತ್ತಿಗೆ. ಬೀಡು ಕಬ್ಬಿಣವನ್ನು ಅಚ್ಚಿಗೆ ಹೊಯ್ದು, ಬಣ್ಣ ಬಳಿದು ಮಾರುವುದುಂಟು. ಅದರ ಮೈಮೇಲೆ ಅಚ್ಚು ಕೂಡಿದ ಗೆರೆ, ಮರಳಿನಂಥ ಒರಟು ಕಾಣುತ್ತದೆ. ಗಟ್ಟಿ ವಸ್ತುವಿನ ಮೇಲೆ ಬಿದ್ದರೆ ಚೂರು ಹಾರುತ್ತದೆ, ಚೂರಿಗೆ ಸಿಗುವುದು ಕಣ್ಣು. ಕಾಯಿಸಿ ಬಡಿದು ಮಾಡಿದ ಉಕ್ಕಿನ ತಲೆ, ಬೆಣೆ ಹೊಡೆದು ಕೂರಿಸಿದ ಕಾವು, ಐ.ಎಸ್. 841 ಎಂಬ ಸಂಖ್ಯೆಯೊಂದಿಗೆ ಐ.ಎಸ್.ಐ. ಮುದ್ರೆ ಇದ್ದರೆ ಸರಿ. ಹೊಡೆತ ತಿಂದು ತಲೆ ಅಣಬೆಯಂತೆ ಅರಳಿದ ಚಾಣ, ಉಳಿಗಳೂ ಇಷ್ಟೇ ಅಪಾಯ. ಅರಳಿದ ಅಂಚನ್ನು ವಾರಕ್ಕೊಮ್ಮೆ ಉಜ್ಜಿ ತೆಗೆಯಲು ಹತ್ತು ನಿಮಿಷ ಸಾಕು.

ಮೂರನೆಯದು ಗ್ರೈಂಡರಿನ ಚಕ್ರ. ನಾಲ್ಕು ಅಂಗುಲದ ಕೈ ಗ್ರೈಂಡರು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಲೆಕ್ಕ ಹಾಕಿದರೆ ಚಕ್ರದ ಅಂಚು ಗಂಟೆಗೆ 200 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಓಡುತ್ತಿರುತ್ತದೆ. ಆ ವೇಗದಲ್ಲಿ ಒಡೆದ ಚಕ್ರದ ತುಂಡು ಎಲ್ಲಿಗೆ ಬೇಕಾದರೂ ಹೋಗಬಹುದು. ಗರಿಷ್ಠ ವೇಗ ಮತ್ತು ಅವಧಿ ಮುಗಿಯುವ ತಿಂಗಳು ಅಚ್ಚಾಗಿರದ ಚಕ್ರವನ್ನು ಬಿಟ್ಟಿ ಕೊಟ್ಟರೂ ತರಬಾರದು. ಅಂಟಿನಿಂದ ಕೂಡಿಸಿದ ಚಕ್ರವಾದ್ದರಿಂದ ವರ್ಷ ಕಳೆದಂತೆ, ತೇವ ತಗುಲಿದಂತೆ ಅದು ಬಲ ಕಳೆದುಕೊಳ್ಳುತ್ತದೆ. ಯಂತ್ರದ ಮೇಲಿನ ತಗಡಿನ ಕಾಪನ್ನು ಬಿಚ್ಚಿಟ್ಟು ಕೆಲಸ ಮಾಡುವ ಶೂರರು ಎಲ್ಲ ಊರಿನಲ್ಲೂ ಇದ್ದಾರೆ. ಅವರಿಗೆ ಹೇಳುವುದೇನಿದ್ದರೂ ಮನೆಯವರೇ ಹೇಳಬೇಕು.

ವಿದ್ಯುತ್ ಡ್ರಿಲ್ಲನ್ನು ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ವಾಟ್‌ಗಿಂತ, ಅದರ ಕಾರ್ಬನ್ ಬ್ರಷ್ಷು ತನ್ನ ಊರಿನ ಅಂಗಡಿಯಲ್ಲಿ ಸಿಗುತ್ತದೆಯೇ ಎಂದು ವಿಚಾರಿಸುವುದು ಬುದ್ಧಿವಂತಿಕೆ. ಬಿಟ್ಟು ಹಿಡಿಯುವ ಚಕ್ಕನ್ನು ಪಕ್ಕಕ್ಕೆ ಅಲ್ಲಾಡಿಸಿದಾಗ ಆಡಿದರೆ ಬೇಡ. ಹಳೆಯ ಮಾಲಿಗೆ ಮನಸ್ಸಿದ್ದವರು ರೈಲು ಹತ್ತಿ ಬೆಂಗಳೂರಿಗೆ ಹೋಗುವುದುಂಟು. ಅಲ್ಲಿ ಸಿಗುವ ಹಳೆಯ ಬೆಂಚ್ ವೈಸು, ಉಜ್ಜುಗೊರಡುಗಳು ಹೊಸ ಅಗ್ಗದ ಮಾಲಿಗಿಂತ ಎಷ್ಟೋ ಮೇಲಾಗಿರಬಹುದು. ಬೀಡಿನ ಮೈಯಲ್ಲಿ ಬಿರುಕು ಅಥವಾ ಬೆಸುಗೆಯ ಗುರುತು ಇದೆಯೇ ಎಂದಷ್ಟೇ ನೋಡಿದರಾಯಿತು. ವರ್ಷಕ್ಕೆ ಒಂದೆರಡು ದಿನ ಮಾತ್ರ ಬೇಕಾಗುವ ಬೇಸಾಯದ ಯಂತ್ರವನ್ನು ಸಾಲ ಮಾಡಿ ಕೊಳ್ಳುವ ಬದಲು ಬಾಡಿಗೆಗೆ ತರುವುದೇ ಸರಿ. ಸರ್ಕಾರ 2014-15ರಲ್ಲಿ ಆರಂಭಿಸಿದ ಕೃಷಿ ಯಂತ್ರಧಾರೆಯ ಉದ್ದೇಶವೂ ಅದೇ.

ಹೊಸದಾಗಿ ಕಸುಬು ಹಿಡಿದವರಿಗೆ ಹತಾರದ ಖರ್ಚೇ ದೊಡ್ಡ ಹೊರೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿಗೆ ತರಬೇತಿಯ ಜೊತೆಗೆ 15,000 ರೂಪಾಯಿವರೆಗಿನ ಹತಾರಕ್ಕೆ ಇ-ವೋಚರ್ ಇಟ್ಟಿದ್ದಾರೆ. ಬಡಗಿ, ಕಮ್ಮಾರ, ಗಾರೆಯವರು, ಕಲ್ಲು ಕೆಲಸದವರು, ಗೊಂಬೆ ಮಾಡುವವರು ಎಲ್ಲರೂ ಆ ಪಟ್ಟಿಯಲ್ಲಿದ್ದಾರೆ. ಅಂದರೆ ಈ ನಾಲ್ಕು ತಾಲ್ಲೂಕಿನ ಕುಶಲಕರ್ಮಿಗಳಲ್ಲಿ ಬಹುಪಾಲು ಬಂದ ಹಾಗಾಯಿತು. ಪೆಟ್ಟಿಗೆ ಮನೆಗೆ ಬಂದ ಮೇಲೂ ಆ ಮೂರುಮೂಲೆ ಅರಕ್ಕೆ ಕೆಲಸವಿದ್ದೇ ಇರುತ್ತದೆ.

ಕುಲುಮೆಯ ಮಚ್ಚು, ಕುಡುಗೋಲು ಬೇಕೆನ್ನುವವರು ಹೊತ್ತು ನೋಡಿ ಹೋಗಬೇಕು. ರಾಗಿ ಕೊಯ್ಲು ಹತ್ತಿರ ಬಂದಾಗ ಕುಡುಗೋಲು ಹಣಿಸುವವರು, ಕಕ್ಕು ಹೊಡೆಸುವವರು ಕಮ್ಮಾರನ ಮನೆ ಮುಂದೆ ಸಾಲುಗಟ್ಟಿರುತ್ತಾರೆ. ಆಗ ಹೊಸ ಮಚ್ಚಿಗೆ ಹೇಳಿದರೆ ಅವಸರದ ಹದವೇ ಸಿಗುವುದು. ಆಷಾಢದಲ್ಲಿ ಕೈ ಸ್ವಲ್ಪ ಬಿಡುವಾಗಿರುತ್ತದೆ. ಕಮಾನು ಪಟ್ಟಿಯ ತುಂಡನ್ನು ಗುಜರಿಯಿಂದ ತಾವೇ ಆರಿಸಿ ತಂದು ಕೊಟ್ಟರೆ ಕೂಲಿ ಮತ್ತು ಇದ್ದಿಲಿನ ಖರ್ಚಷ್ಟೇ.